ಹಿಮ ಅಗೆಯುವ ನಾಡು

ಜಪಾನಿನ ಪಶ್ಚಿಮ ಕರಾವಳಿಯಲ್ಲಿರುವ ನೀಗಾತ ಪ್ರಾಂತ್ಯದ ಹಳೆಯ ಹೆಸರು ಎಚಿಗೊ. ಮನೆಯ ಮೇಲೂ ಮನೆಯ ಸುತ್ತಲೂ ಬಿದ್ದ ಹಿಮವನ್ನು ತೆಗೆಯುವ ಕೆಲಸಕ್ಕೆ ಅಲ್ಲಿನ ಜನ ‘ಯುಕಿಹೊರಿ’ ಎನ್ನುತ್ತ ಬಂದಿದ್ದಾರೆ. ಯುಕಿ ಎಂದರೆ ಹಿಮ, ಹೊರಿ ಎಂದರೆ ಅಗೆತ. ಹಿಮ ಅಪರೂಪವಾದ ಊರುಗಳಲ್ಲಿ ಅದನ್ನು ಗುಡಿಸುತ್ತಾರೆ, ಸ್ವಲ್ಪ ಹೆಚ್ಚು ಬಿದ್ದರೆ ಕೆರೆದು ಬದಿಗೆ ತಳ್ಳುತ್ತಾರೆ. ಎಚಿಗೊದಲ್ಲಿ ಮಾತ್ರ ಬಾವಿ ತೋಡುವವರು ಮಣ್ಣು ಅಗೆಯುವಂತೆ ಹಿಮವನ್ನು ಅಗೆಯಬೇಕು, ಕಡಿದು ಎತ್ತಬೇಕು, ಹೊತ್ತು ಎಸೆಯಬೇಕು. ಈ ಕೆಲಸಕ್ಕೆ ಕನಿಷ್ಠ ನಾಲ್ಕು ಶತಮಾನಗಳ ಇತಿಹಾಸವಿದೆ. ಇಷ್ಟು ಕಾಲದಲ್ಲಿ ಸಲಿಕೆ ಬದಲಾಯಿತು, ಚಾವಣಿ ಬದಲಾಯಿತು, ರಸ್ತೆ ಬದಲಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಬದಲಾದದ್ದು ಸಲಿಕೆ ಹಿಡಿಯುವ ಕೈ.

ಇಲ್ಲಿ ಇಷ್ಟೊಂದು ಹಿಮ ಬೀಳಲು ಚಳಿಯೊಂದೇ ಕಾರಣವಲ್ಲ. ನೀಗಾತದ ನಗಾಓಕ ನಗರ ಇರುವುದು ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯುರೋಪಿನಲ್ಲಿ ಅದೇ ಅಕ್ಷಾಂಶಕ್ಕೆ ಸಿಸಿಲಿ ಸಿಗುತ್ತದೆ. ಚಳಿಗಾಲದಲ್ಲಿ ಸೈಬೀರಿಯಾದಿಂದ ಹೊರಡುವ ಒಣ ಶೀತಗಾಳಿ ಜಪಾನ್ ಸಮುದ್ರವನ್ನು ದಾಟಿ ಬರುತ್ತದೆ. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹ ಹರಿಯುತ್ತದೆ. ಗಾಳಿ ಅದರ ಮೇಲೆ ಸಾಗುವಾಗ ತೇವ ಹೀರಿಕೊಂಡು ಮೋಡ ಕಟ್ಟುತ್ತದೆ, ದಡ ಮುಟ್ಟಿದ ಕೂಡಲೇ ಎದುರಾಗುವ ಬೆಟ್ಟಸಾಲಿಗೆ ತಾಗಿ ಮೇಲೇರುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಅರಬ್ಬಿ ಸಮುದ್ರದ ಮೋಡ ಸಹ್ಯಾದ್ರಿಗೆ ತಾಗಿ ಆಗುಂಬೆಯಲ್ಲಿ ಮಳೆಯಾಗುವ ಬಗೆಯೇ ಇದು. ಘಟ್ಟ ದಾಟಿದರೆ ಬಯಲುಸೀಮೆ ಒಣಗಿರುವಂತೆ, ಎಚಿಗೊ ಬೆಟ್ಟಗಳ ಆಚೆ ಟೋಕಿಯೊ ಬಯಲಿನಲ್ಲಿ ಅದೇ ದಿನ ನೀಲಿ ಆಕಾಶವಿರುತ್ತದೆ.

ಹೀಗೆ ಬೀಳುವ ಹಿಮದಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ತೂಕವೂ ಹೆಚ್ಚು. ಆಗ ತಾನೇ ಬಿದ್ದ ಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ತೂಗಿದರೆ, ಕೆಲವು ವಾರ ಅಡಕಗೊಂಡದ್ದು 300 ಕಿಲೋ ದಾಟುತ್ತದೆ. ಮಾರ್ಚ್ ಹೊತ್ತಿಗೆ ಕರಗಿ ಹೆಪ್ಪುಗಟ್ಟಿದ್ದು 500 ಕಿಲೋ ಮುಟ್ಟಬಹುದು. ನೂರು ಚದರ ಮೀಟರಿನ ಚಾವಣಿಯ ಮೇಲೆ ಒಂದು ಮೀಟರ್ ಹಳೆಯ ಹಿಮ ಕೂತಿದ್ದರೆ ಆ ಮನೆ 30 ಟನ್ ಹೊತ್ತು ನಿಂತಿದೆ ಎಂದರ್ಥ. ಮನೆಯವರಿಗೆ ಇದನ್ನು ತಿಳಿಯಲು ಅಳತೆಗೋಲು ಬೇಕಿರಲಿಲ್ಲ. ಕಾಗದ ಹಚ್ಚಿದ ಜಾರುಬಾಗಿಲುಗಳು ಬಿಗಿಯಾಗಿ ಸರಿಯದೆ ಹೋದರೆ ಮೇಲಿನ ತೊಲೆ ಬಾಗಿದೆ, ಇನ್ನು ತಡಮಾಡದೆ ಚಾವಣಿ ಹತ್ತಬೇಕು ಎಂದು ಗೊತ್ತಾಗುತ್ತಿತ್ತು.

ಈ ಕೆಲಸದ ಮೊದಲ ವಿವರವಾದ ಚಿತ್ರ ಸಿಗುವುದು ಸುಜುಕಿ ಬೊಕುಶಿ ಬರೆದ ‘ಹೊಕುಎತ್ಸು ಸೆಪ್ಪು’ ಎಂಬ ಗ್ರಂಥದಲ್ಲಿ. ಬೊಕುಶಿ 1770ರಲ್ಲಿ ಎಚಿಗೊದ ಶಿಯೋಜಾವ ಎಂಬ ಊರಿನಲ್ಲಿ ಹುಟ್ಟಿದವನು. ಮನೆತನದ ಕಸುಬು ಗಿರವಿ ಅಂಗಡಿ ಮತ್ತು ಚಿಜಿಮಿ ಎಂಬ ನಾರುಬಟ್ಟೆಯ ವ್ಯಾಪಾರ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಟ್ಟೆ ಮಾರಲು ಎದೊಗೆ, ಅಂದರೆ ಇಂದಿನ ಟೋಕಿಯೊಗೆ, ಹೋದಾಗ ಅಲ್ಲಿನವರಿಗೆ ತನ್ನ ನಾಡಿನ ಹಿಮದ ಕಲ್ಪನೆಯೇ ಇಲ್ಲವೆಂದು ಅವನಿಗೆ ಮನವರಿಕೆಯಾಯಿತು. ರಾಜಧಾನಿಯ ಕವಿಗಳಿಗೆ ಹಿಮವೆಂದರೆ ಮದ್ಯದ ಬಟ್ಟಲು ಹಿಡಿದು ನೋಡುವ ಸೊಗಸು. ಎಚಿಗೊದವರಿಗೆ ಅದು ವರ್ಷದ ಅರ್ಧ ಭಾಗವನ್ನು ನುಂಗುವ ದುಡಿಮೆ. ಈ ಅಂತರವನ್ನು ತುಂಬಲೆಂದೇ ಅವನು ಬರೆಯತೊಡಗಿದ. ಎದೊದ ಹೆಸರಾಂತ ಲೇಖಕರ ಬೆನ್ನುಹತ್ತಿ ಸುಮಾರು ನಾಲ್ಕು ದಶಕ ಕಾದ ಮೇಲೆ, ಸಾಂತೊ ಕ್ಯೋಜಾನ್ ಎಂಬ ಲೇಖಕನ ನೆರವಿನಿಂದ 1837ರಲ್ಲಿ ಪುಸ್ತಕ ಅಚ್ಚಾಯಿತು. ಹಳ್ಳಿಯ ವ್ಯಾಪಾರಿಯೊಬ್ಬ ತನ್ನ ನೆಲದ ಹಿಮದ ಬಗ್ಗೆ ಬರೆದ ಈ ಪುಸ್ತಕವನ್ನು ರಾಜಧಾನಿ ಆಸೆಯಿಂದ ಕೊಂಡು ಓದಿತು.

ಹಿಮವನ್ನು ಗುಡಿಸುವುದಕ್ಕೂ ಅಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಎತ್ತಿ ತೋರಿದವನು ಬೊಕುಶಿಯೇ. ಅಗೆಯದೆ ಬಿಟ್ಟರೆ ಬಾಗಿಲು ಮುಚ್ಚಿಹೋಗುತ್ತದೆ, ಮನೆ ಹೂತುಹೋಗುತ್ತದೆ, ಎಷ್ಟೇ ಗಟ್ಟಿ ಮನೆಯಾದರೂ ಕುಸಿಯಬಹುದು. ಹಾಗಾಗಿ ಹಿಮ ಅಗೆಯದ ಮನೆಯೇ ಇಲ್ಲ. ಅನುಕೂಲಸ್ಥರು ಕೂಲಿಯಾಳುಗಳನ್ನು ಹಚ್ಚುತ್ತಿದ್ದರು, ಬಡವರ ಮನೆಯಲ್ಲಿ ಹೆಂಗಸರೂ ಸೇರಿ ಎಲ್ಲರೂ ಸಲಿಕೆ ಹಿಡಿಯುತ್ತಿದ್ದರು. ಇಡೀ ದಿನ ಅಗೆದು ಮುಗಿಸಿದ ರಾತ್ರಿಯೇ ಮತ್ತೆ ಸುರಿದು, ಬೆಳಗೆದ್ದು ನೋಡಿದರೆ ಎಲ್ಲವೂ ಮೊದಲಿನಂತೆಯೇ ಕಾಣುವ ಸಂಕಟವನ್ನೂ ಅವನು ದಾಖಲಿಸಿದ್ದಾನೆ. ಚಾವಣಿಯಿಂದ ಇಳಿಸಿದ್ದೆಲ್ಲ ಬೀದಿಯ ನಡುವೆ ರಾಶಿ ಬೀಳುತ್ತಿತ್ತು. ಚಳಿಗಾಲದ ನಡುವಿಗೆ ಆ ರಾಶಿ ಮನೆಗಳಿಗಿಂತ ಎತ್ತರವಾಗಿ, ಎದುರು ಸಾಲಿನ ಮನೆಗೆ ಹೋಗಬೇಕಾದರೆ ಅದರ ಬುಡದಲ್ಲಿ ಸುರಂಗ ಕೊರೆಯಬೇಕಾಗುತ್ತಿತ್ತು. ಆ ಸುರಂಗಕ್ಕೆ ಜನ ಇಟ್ಟ ಹೆಸರು ತಾಯಿಯ ಗರ್ಭದಲ್ಲಿ ನುಸುಳುವುದು ಎಂಬ ಅರ್ಥದ್ದು.

ಅಗೆತದ ಮುಖ್ಯ ಸಾಧನ ‘ಕೊಸುಕಿ’. ಇದು ಬೀಚ್ ಮರದ ಒಂದೇ ತುಂಡಿನಿಂದ ಕೆತ್ತಿದ, ಅಗಲ ಅಲಗಿನ ಮರದ ಸಲಿಕೆ. ಬೀಚ್ ಮರ ನಾರುಗಟ್ಟಿಯಾದದ್ದು, ಸುಲಭಕ್ಕೆ ಮುರಿಯುವುದಿಲ್ಲ, ಕೈಗೆ ಹಗುರ. ಬೆಟ್ಟದ ಹಳ್ಳಿಗಳವರು ಇದನ್ನು ಕೆತ್ತಿ ಪೇಟೆಗೆ ತಂದು ಮಾರುತ್ತಿದ್ದರು, ಪ್ರತಿ ಮನೆಯಲ್ಲೂ ಹಲವು ಇರುತ್ತಿದ್ದವು. ಕಬ್ಬಿಣದ ಸಲಿಕೆ ಚಾವಣಿಯ ಹಲಗೆಯನ್ನೋ ಹುಲ್ಲನ್ನೋ ಕಿತ್ತುಹಾಕುತ್ತದೆ, ಮರದ್ದು ಹಾಗೆ ಮಾಡುವುದಿಲ್ಲ. ಅಡಕಗೊಂಡ ಹಿಮವನ್ನು ಕೊಸುಕಿಯಿಂದ ಇಟ್ಟಿಗೆಯಂತೆ ಚೌಕವಾಗಿ ಕಡಿದು ಎಸೆಯುವುದು ಒಂದು ಪಳಗಿದ ಕೈಚಳಕ. ಕಾಲಿಗೆ ಕಟ್ಟಿಕೊಳ್ಳಲು ಮರದ ಕೊಂಬೆ ಬಾಗಿಸಿ ಮಾಡಿದ ‘ಕಾಂಜಿಕಿ’ ಬಳೆಗಳಿದ್ದವು. ಆಳವಾದ ಹಿಮಕ್ಕೆ ಇನ್ನೂ ದೊಡ್ಡದಾದ ‘ಸುಕಾರಿ’. ಸುಕಾರಿ ಎಷ್ಟು ದೊಡ್ಡದೆಂದರೆ ಅದಕ್ಕೆ ಕಟ್ಟಿದ ಹಗ್ಗವನ್ನು ಕೈಯಿಂದ ಎಳೆದು ಒಂದೊಂದೇ ಹೆಜ್ಜೆ ಎತ್ತಬೇಕು.

ಸಲಿಕೆ ಎತ್ತುವ ಮೊದಲೇ ಸಿದ್ಧತೆ ಶುರುವಾಗುತ್ತಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವಂತೆ, ಇಲ್ಲಿ ನವೆಂಬರಿನಲ್ಲಿ ಹಲಗೆ ಮತ್ತು ಹುಲ್ಲಿನ ತಟ್ಟಿಗಳಿಂದ ಮನೆಯ ಸುತ್ತ ಗೋಡೆಗಾವಲು ಕಟ್ಟುತ್ತಿದ್ದರು. ಅಂಗಳದ ಮರಗಳ ಕೊಂಬೆಗಳು ಮುರಿಯದಂತೆ ನೆತ್ತಿಯಿಂದ ಹಗ್ಗ ಬಿಗಿಯುತ್ತಿದ್ದರು. ಹಿಮ ಕೂತ ಮೇಲೆ ಊರಿನ ದಾರಿಯನ್ನು ಯಾರೂ ಅಗೆಯುತ್ತಿರಲಿಲ್ಲ, ತುಳಿಯುತ್ತಿದ್ದರು. ಮನೆಗೊಬ್ಬರಂತೆ ಸರದಿಯ ಮೇಲೆ ಬೆಳಗಿನ ಕತ್ತಲಲ್ಲೇ ಕಾಂಜಿಕಿ ಕಟ್ಟಿ ಹೊರಟು ಮುಂದಿನ ಮನೆಯವರೆಗೆ, ಮುಂದಿನ ಊರಿನವರೆಗೆ ಹಿಮ ತುಳಿದು ಗಟ್ಟಿ ಮಾಡಿದರೆ ಮಾತ್ರ ಆ ದಿನ ಮಕ್ಕಳು ಶಾಲೆಗೆ, ವೈದ್ಯ ರೋಗಿಯ ಮನೆಗೆ ಹೋಗುವುದು ಸಾಧ್ಯ. ಗಂಡಸರಿಲ್ಲದ ಮನೆಯ ಚಾವಣಿಗೆ ನೆರೆಯವರು ಹತ್ತುತ್ತಿದ್ದರು. ಕನ್ನಡನಾಡಿನ ಮುಯ್ಯಾಳಿಗೆ ಸಮನಾದ ಈ ಪದ್ಧತಿಗೆ ಜಪಾನಿನಲ್ಲಿ ‘ಯುಯಿ’ ಎಂಬ ಹೆಸರಿದೆ. ನಾಟಿಗೂ ಹುಲ್ಲು ಹೊದಿಸುವುದಕ್ಕೂ ಒದಗುತ್ತಿದ್ದ ಅದೇ ಆಳುಗಳು ಹಿಮಕ್ಕೂ ಒದಗುತ್ತಿದ್ದರು.

ಪೇಟೆಗಳು ಬೇರೊಂದು ಉಪಾಯ ಕಂಡುಕೊಂಡವು. 1614ರಲ್ಲಿ ತೊಕುಗಾವ ಇಎಯಾಸುವಿನ ಮಗ ಮತ್ಸುದೈರ ತದಾತೆರು ಕಟ್ಟಿಸಿದ ಕೋಟೆಯ ಸುತ್ತ ಬೆಳೆದ ತಕಾದ ಪೇಟೆಯಲ್ಲಿ, ಪ್ರತಿ ಮನೆಯವರೂ ತಮ್ಮ ಸೂರನ್ನು ಬೀದಿಯ ಕಡೆಗೆ ಚಾಚಿ ಕೆಳಗೆ ಕಂಬ ನಿಲ್ಲಿಸಿದರು. ಸಾಲುಮನೆಗಳ ಸೂರುಗಳು ಒಂದಕ್ಕೊಂದು ಕೂಡಿ ‘ಗಂಗಿ’ ಎಂಬ ಚಾವಣಿಯ ನಡೆದಾರಿಯಾಯಿತು. ಬೀದಿ ಪೂರ್ತಿ ಹೂತಿದ್ದರೂ ಗಂಗಿಯ ಕೆಳಗೆ ಜನ ಒಣಗಾಲಿನಲ್ಲಿ ನಡೆದು ಅಂಗಡಿಗೆ ಹೋಗಿಬರುತ್ತಿದ್ದರು. ಗಂಗಿಯ ನೆಲ ಮನೆಯವರದ್ದು, ಕಟ್ಟುವ ದುರಸ್ತಿ ಮಾಡುವ ಖರ್ಚೂ ಅವರದ್ದೇ, ಓಡಾಟ ಮಾತ್ರ ಊರಿನದ್ದು. ಯಾವ ಅರಮನೆಗಿಂತಲೂ ದೊಡ್ಡ ಕಟ್ಟಡ ಇದು ಎಂದರೆ ತಪ್ಪಾಗದು: ತಕಾದದಲ್ಲಿ ಇಂದಿಗೂ ಉಳಿದಿರುವ ಗಂಗಿಗಳನ್ನು ಸಾಲಾಗಿ ಅಳೆದರೆ ಸುಮಾರು 16 ಕಿಲೋಮೀಟರ್ ಆಗುತ್ತದೆ. ಹಿಮದಲ್ಲಿ ಮುಳುಗಿದ ಈ ಊರನ್ನು ಹುಡುಕುವ ಓಲೆಕಾರರಿಗಾಗಿ, ಇದರ ಕೆಳಗೆ ತಕಾದ ಇದೆ ಎಂಬ ಫಲಕ ನೆಟ್ಟಿದ್ದರೆಂದು ಊರಿನವರು ಹೇಳುವ ಕಥೆಯೂ ಇದೆ.

ಬೆಟ್ಟದ ಒಳನಾಡಾದ ಶಿರಕಾವ-ಗೊ ಹಳ್ಳಿಗಳಲ್ಲಿ ಚಾವಣಿಯನ್ನೇ ಸುಮಾರು 60 ಡಿಗ್ರಿ ಕಡಿದಾಗಿ ಎತ್ತಿದರು. ಮುಗಿದ ಕೈಗಳಂತೆ ಕಾಣುವ ಈ ಹುಲ್ಲಿನ ಮನೆಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಅಷ್ಟು ಕಡಿದಾದ ಚಾವಣಿಯೂ ಅಗೆತವನ್ನು ಪೂರ್ತಿ ತಪ್ಪಿಸಲಿಲ್ಲ. ಜಾರಿದ ಹಿಮ ಗೋಡೆಯ ಬುಡದಲ್ಲಿ ಬೆಳೆದು ಸೂರನ್ನು ಮುಟ್ಟಿದರೆ ಮೇಲಿನದು ಜಾರಲು ಜಾಗವಿರದು, ಅದನ್ನು ಕೈಯಿಂದಲೇ ತೆಗೆಯಬೇಕು.

ಮೇಜಿ ಚಕ್ರವರ್ತಿಯ ಕಾಲದಲ್ಲಿ ರೈಲು ಬಂತು, ಕಾರ್ಖಾನೆ ಬಂತು, ಚಳಿಗಾಲದಲ್ಲೂ ನಿಲ್ಲದೆ ನಡೆಯಬೇಕಾದ ಬದುಕು ಬಂತು. ತಕಾದದಲ್ಲಿದ್ದ ಸೈನ್ಯಕ್ಕೆ 1911ರ ಜನವರಿಯಲ್ಲಿ ಆಸ್ಟ್ರಿಯಾದ ಅಧಿಕಾರಿ ಥಿಯೋಡೋರ್ ಫಾನ್ ಲೆರ್ಕ್ ಸ್ಕೀ ಕಲಿಸಿದ. ಜಪಾನಿನಲ್ಲಿ ಸ್ಕೀಯ ಇತಿಹಾಸವನ್ನು ಅಲ್ಲಿಂದಲೇ ಎಣಿಸುತ್ತಾರೆ. ಹಿಮ ಮೋಜಿನ ವಸ್ತುವೂ ಆಗಬಹುದೆಂದು ನಾಡಿಗೆ ತಿಳಿದದ್ದು ಆಗ. ಮನೆಯ ಮೇಲಿನ ಹಿಮ ಮಾತ್ರ ಹಾಗೆಯೇ ಉಳಿಯಿತು. 1938ರ ಹೊಸ ವರ್ಷದ ದಿನ ತೋಕಾಮಾಚಿ ಪಟ್ಟಣದ ಚಿತ್ರಮಂದಿರದ ಚಾವಣಿ ಹಿಮದ ಭಾರಕ್ಕೆ ಕುಸಿದು 69 ಜನ ಸತ್ತರು. ಹಬ್ಬದ ದಿನ ಸಿನಿಮಾ ನೋಡಲು ಬಂದವರು ಅವರು.

ಅಷ್ಟರಲ್ಲಾಗಲೇ ಒಂದು ಹೊಸ ವಿಚಾರ ಹುಟ್ಟಿತ್ತು. ಹಿಮ ಹಣೆಬರಹವಲ್ಲ, ಪ್ರವಾಹ ಭೂಕಂಪಗಳಂತೆ ಅದೂ ಒಂದು ವಿಪತ್ತು, ಅದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿದೆ ಎಂದು ಯಾಮಗಾತ ಪ್ರಾಂತ್ಯದ ಸಂಸದ ಮತ್ಸುಓಕ ತೊಶಿಜೊ 1920ರ ದಶಕದ ಕೊನೆಯಿಂದ ಸಂಸತ್ತಿನಲ್ಲೂ ಹೊರಗೂ ವಾದಿಸಿದರು. ಆ ಹೋರಾಟದ ಫಲವಾಗಿ 1933ರಲ್ಲಿ ಶಿನ್‌ಜೊ ಪಟ್ಟಣದಲ್ಲಿ ಹಿಮನಾಡಿನ ಹಳ್ಳಿಗಳ ಆರ್ಥಿಕ ಸ್ಥಿತಿ ಅಧ್ಯಯನ ಮಾಡುವ ಸರ್ಕಾರಿ ಸಂಸ್ಥೆ ಆರಂಭವಾಯಿತು. ಜನಜೀವನದ ಅಧ್ಯಯನಕ್ಕೆ ಹೆಸರಾದ ವಾಸ್ತುಶಿಲ್ಪಿ ಕೊನ್ ವಾಜಿರೊ ಅದರ ಕಟ್ಟಡವನ್ನು ರೂಪಿಸಿದ್ದಲ್ಲದೆ, ಹಿಮ ತಾನಾಗಿ ಜಾರುವ ಕಡಿದಾದ ಚಾವಣಿಯ ಪ್ರಯೋಗದ ರೈತಮನೆಯನ್ನೂ ಕಟ್ಟಿಸಿದರು. ಚಾವಣಿ ಹತ್ತುವ ಶ್ರಮವನ್ನೇ ತಪ್ಪಿಸುವಂಥ ಮನೆ ಕಟ್ಟಬೇಕೆಂಬ ಯೋಚನೆಗೆ ಸಂಸ್ಥೆಯ ಬೆಂಬಲ ಸಿಕ್ಕಿದ್ದು ಇಲ್ಲಿ.

ಯುದ್ಧ ಆ ಯೋಚನೆಗಳನ್ನು ಪಕ್ಕಕ್ಕಿಟ್ಟಿತು. 1945ರ ಫೆಬ್ರವರಿಯಲ್ಲಿ, ಪ್ರಾಯದ ಗಂಡಸರು ರಣರಂಗದಲ್ಲಿದ್ದ ಹೊತ್ತಿನಲ್ಲೇ, ಕಂಡು ಕೇಳರಿಯದ ಹಿಮ ಬಿತ್ತು. ತಕಾದದಲ್ಲಿ ನೆಲದ ಮೇಲೆ ನಿಂತ ಹಿಮದ ಆಳ 377 ಸೆಂಟಿಮೀಟರ್ ಮುಟ್ಟಿತು. ಗಡಿಯಾಚೆ ನಗಾನೊ ಪ್ರಾಂತ್ಯದ ಮೊರಿಮಿಯಾನೊಹಾರ ರೈಲು ನಿಲ್ದಾಣದಲ್ಲಿ ಫೆಬ್ರವರಿ 12ರಂದು 7.85 ಮೀಟರ್ ಅಳೆದರು. ಆ ಎತ್ತರಕ್ಕೆ ಗುರುತು ಹಾಕಿದ ಕಂಬ ನಿಲ್ದಾಣದಲ್ಲಿ ಈಗಲೂ ನಿಂತಿದೆ. ಆ ವರ್ಷ ಚಾವಣಿ ಹತ್ತಿದವರಲ್ಲಿ ಹೆಂಗಸರು, ಮುದುಕರು, ಮಕ್ಕಳೇ ಹೆಚ್ಚು.

ಯುದ್ಧಾನಂತರ ಸರ್ಕಾರದ ಗಮನ ಮೊದಲು ಹರಿದದ್ದು ರಸ್ತೆಯ ಕಡೆಗೆ. ಹಿಮ ಮತ್ತು ಚಳಿಯ ಪ್ರದೇಶಗಳ ಮುಖ್ಯ ರಸ್ತೆಗಳನ್ನು ಚಳಿಗಾಲವಿಡೀ ತೆರೆದಿಡಲು ಕೇಂದ್ರದ ಹಣ ಒದಗಿಸುವ ಕಾಯ್ದೆ 1956ರಲ್ಲಿ ಬಂತು; ಅತಿಹಿಮದ ಪ್ರದೇಶಗಳಿಗೆಂದೇ ವಿಶೇಷ ಕಾಯ್ದೆ 1962ರಲ್ಲಿ. ಈ ಎರಡನೆಯ ಕಾಯ್ದೆಯಡಿ ಗುರುತಿಸಿದ ನೆಲ ಜಪಾನಿನ ಒಟ್ಟು ವಿಸ್ತೀರ್ಣದ ಅರ್ಧದಷ್ಟಾಗುತ್ತದೆ. ಕಾಯ್ದೆಯ ಶಾಯಿ ಆರುವ ಮೊದಲೇ, 1963ರ ಜನವರಿಯಲ್ಲಿ, ನಗಾಓಕದಲ್ಲಿ 318 ಸೆಂಟಿಮೀಟರ್ ಹಿಮ ನಿಂತಿತು. ರೈಲುಗಳು ದಿನಗಟ್ಟಲೆ ಹಳಿಯ ಮೇಲೆಯೇ ಉಳಿದವು, ಸೈನಿಕರು ಸಲಿಕೆ ಹಿಡಿದು ಬಂದರು. ದೇಶದಾದ್ಯಂತ ಸತ್ತವರು, ಕಾಣೆಯಾದವರು ಸೇರಿ 231 ಜನ. ಅಲ್ಲಿಂದ ಮುಂದೆ ರಸ್ತೆ ತೆರವಿನ ಯಂತ್ರಗಳಿಗೆ ಹಣದ ಕೊರತೆಯಾಗಲಿಲ್ಲ.

ರಸ್ತೆ ತೆರೆದುಕೊಂಡದ್ದರಿಂದ ಮನೆಯವರ ಕೆಲಸ ಕಡಿಮೆಯಾಯಿತೆಂದು ಭಾವಿಸಿದರೆ ಅದು ಅರ್ಧ ಸತ್ಯ. ಮೊದಲು ಚಾವಣಿಯ ಹಿಮವನ್ನು ಬೀದಿಗೆ ತಳ್ಳಿದರೆ ಮುಗಿಯುತ್ತಿತ್ತು. ಬೀದಿಯಲ್ಲಿ ಮೋಟಾರು ಓಡತೊಡಗಿದ ಮೇಲೆ ಅಲ್ಲಿಗೆ ಎಸೆಯುವಂತಿಲ್ಲ, ಬೇರೆಡೆಗೆ ಹೊತ್ತೊಯ್ಯಬೇಕು. ಅದೂ ಸಾಲದೆಂಬಂತೆ ಮುಂಜಾನೆ ಬರುವ ಹಿಮನೇಗಿಲಿನ ಲಾರಿ ರಸ್ತೆಯ ಹಿಮವನ್ನು ಬದಿಗೆ ಒತ್ತರಿಸಿ, ಪ್ರತಿ ಮನೆಯ ಕಾರು ಹೊರಬರುವ ದಾರಿಗೆ ಅಡ್ಡಲಾಗಿ ಒಂದು ದಿಬ್ಬ ಕಟ್ಟಿ ಹೋಗುತ್ತದೆ. ಚಕ್ರದಡಿ ಅರೆದು ಗಡ್ಡೆಗಟ್ಟಿದ ಆ ಹಿಮ ಆಕಾಶದಿಂದ ಬಿದ್ದದ್ದಕ್ಕಿಂತ ಎಷ್ಟೋ ಭಾರ. ಕೆಲಸಕ್ಕೆ ಹೊರಡುವವರು ಒಂದು ಗಂಟೆ ಮೊದಲೇ ಎದ್ದು ಅದನ್ನು ಕಡಿದು ದಾರಿ ಮಾಡಿಕೊಳ್ಳಬೇಕು. ಕಾರಿನ ಜೊತೆಗೇ ಹುಟ್ಟಿದ ದುಡಿಮೆ ಇದು. ಬೊಕುಶಿಯ ಕಾಲಕ್ಕೆ ಇದರ ಸುಳಿವೂ ಇರಲಿಲ್ಲ. ಹಲವು ಪಟ್ಟಣಗಳು ರಸ್ತೆಯಡಿ ನೀರು ಹರಿಯುವ ಕಾಲುವೆ ಕಟ್ಟಿ, ನಿಗದಿಯಾದ ವೇಳೆಯಲ್ಲಿ ಮನೆಯವರು ಮುಚ್ಚಳ ತೆಗೆದು ಹಿಮವನ್ನು ಅದಕ್ಕೆ ಸುರಿಯುವ ವ್ಯವಸ್ಥೆ ಮಾಡಿದವು. ತಕಾದದಲ್ಲಿ ಬೀದಿಯವರೆಲ್ಲ ಒಂದೇ ದಿನ ಚಾವಣಿ ಹತ್ತಿ ಹಿಮ ಇಳಿಸುವುದು, ಹಿಂದೆಯೇ ಲಾರಿಗಳು ಬಂದು ಎಲ್ಲವನ್ನೂ ಹೊತ್ತೊಯ್ಯುವುದು ಎಂಬ ಸಾಮೂಹಿಕ ಕ್ರಮ ಬೆಳೆಯಿತು.

ಇದೇ ದಶಕಗಳಲ್ಲಿ ಊರಿನ ಗಂಡಸರು ಚಳಿಗಾಲಕ್ಕೆ ಊರು ಬಿಡತೊಡಗಿದ್ದರು. ಮದ್ಯ ತಯಾರಿಸುವ ಕಸುಬಿಗೆ ಹೊರಡುವುದು ಹಳೆಯ ರೂಢಿಯೇ. ಟೋಕಿಯೊದ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳು ಆ ವಲಸೆಯನ್ನು ಹಲವು ಪಟ್ಟು ಹೆಚ್ಚಿಸಿದವು. ಭತ್ತದ ಕೊಯ್ಲು ಮುಗಿದ ಮೇಲೆ ಹೋದವರು ಹಿಮ ಕರಗುವ ಹೊತ್ತಿಗೆ ಮರಳುತ್ತಿದ್ದರು. ಹಿಮದ ನಾಲ್ಕು ತಿಂಗಳು ಮನೆ, ಮಕ್ಕಳು, ಚಾವಣಿ ಮೂರೂ ಹೆಂಗಸರ ಪಾಲು. ಆಗ ಪ್ರಚಾರಕ್ಕೆ ಬಂದ ಸಾಧನವೊಂದು ಈ ಚರಿತ್ರೆಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ. ಅಗಲ ಬೋಗುಣಿಯಂಥ ಅಲಗಿಗೆ ಎರಡು ಕೈಯಲ್ಲಿ ಹಿಡಿಯುವ ಕಮಾನಿನ ಹಿಡಿಕೆ ಜೋಡಿಸಿದ್ದು. ಎತ್ತುವ ಬದಲು ಹಿಮದೊಳಕ್ಕೆ ನುಗ್ಗಿಸಿ, ನೆಲದ ಮೇಲೆ ಜಾರಿಸಿಕೊಂಡು ಹೋಗಿ ಸುರಿಯಬಹುದು. ತಾಯಂದಿರೂ ದೊಡ್ಡ ಹೊರೆ ಸಾಗಿಸಬಹುದೆಂದು ಅದಕ್ಕೆ ‘ಮಾಮಾಸಾನ್ ಡಂಪ್’ ಎಂಬ ಹೆಸರು ಬಿತ್ತು. ಮಾಮಾಸಾನ್ ಎಂದರೆ ಅಮ್ಮ. ಕೊಸುಕಿ ನಿಧಾನವಾಗಿ ಅಟ್ಟ ಸೇರಿತು.

ನಗಾಓಕದಲ್ಲಿ ಹುಟ್ಟಿದ ಇನ್ನೊಂದು ಉಪಾಯಕ್ಕೆ ಸಲಿಕೆಯೇ ಬೇಕಿಲ್ಲ. ಕಾಕಿನೊತಾನೆ ಎಂಬ ಖಾರದ ಅಕ್ಕಿ ತಿನಿಸು ತಯಾರಿಸುವ ಉದ್ಯಮಿ ಇಮಾಯಿ ಯೊಸಾಬುರೊ, ರಸ್ತೆಯಲ್ಲಿ ಅಂತರ್ಜಲ ಒಸರುವ ಕಡೆ ಹಿಮ ನಿಲ್ಲದಿರುವುದನ್ನು ಗಮನಿಸಿದರೆಂದು ಹೇಳುತ್ತಾರೆ. ಅಂತರ್ಜಲದ ಉಷ್ಣತೆ ವರ್ಷವಿಡೀ 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ನೀರನ್ನು ಪಂಪಿನಿಂದೆತ್ತಿ, ರಸ್ತೆಯ ನಡುವೆ ಹೂತ ಕೊಳವೆಯ ಸಣ್ಣ ರಂಧ್ರಗಳಿಂದ ಚಿಮ್ಮಿಸಿದರೆ ಬಿದ್ದ ಹಿಮ ಬಿದ್ದಂತೆಯೇ ಕರಗುತ್ತದೆ. 1961ರಲ್ಲಿ ನಗಾಓಕದ ಒಂದು ಬೀದಿಗೆ ಇದನ್ನು ಹಾಕಿದರು. 1963ರಲ್ಲಿ ಇಡೀ ಊರು ಹೂತಾಗ ಆ ಬೀದಿ ಮಾತ್ರ ತೆರೆದಿತ್ತು, ಬೇರೆ ಪುರಾವೆ ಯಾರಿಗೂ ಬೇಕಾಗಲಿಲ್ಲ. ಮನೆಯ ಅಂಗಳಕ್ಕೂ ಕಾರು ನಿಲ್ಲಿಸುವ ಜಾಗಕ್ಕೂ ಕೊಳವೆಗಳು ಬಂದವು. 1982ರಲ್ಲಿ ಆರಂಭವಾದ ಜೋಎತ್ಸು ಶಿನ್‌ಕಾನ್ಸೆನ್ ರೈಲಿನ ಹಳಿಗೂ ಬಿಸಿ ನೀರು ಚಿಮ್ಮಿಸುವ ಸಾಲುಗಳನ್ನು ಜೋಡಿಸಿದರು. ನೀರಿನಲ್ಲಿರುವ ಕಬ್ಬಿಣದ ಅಂಶದಿಂದ ನಗಾಓಕದ ರಸ್ತೆಗಳು ತುಕ್ಕಿನ ಕೆಂಪು ಬಣ್ಣ ತಳೆದಿವೆ. ಈ ಉಪಾಯಕ್ಕೆ ತೆತ್ತ ಬೆಲೆ ಅಷ್ಟೇ ಅಲ್ಲ. ಮಿತಿಯಿಲ್ಲದೆ ನೀರೆತ್ತಿದ್ದರಿಂದ ಬೊಕುಶಿಯ ಊರಿರುವ ಉಓನುಮ ಕಣಿವೆಯಲ್ಲಿ ನೆಲವೇ ಕುಸಿಯತೊಡಗಿ, ಕೊಳವೆಬಾವಿಗಳಿಗೆ ಕಟ್ಟುಪಾಡು ಹಾಕಬೇಕಾಯಿತು.

ಮನೆಗಳೂ ರೂಪ ಬದಲಿಸಿದವು. ಕಾಂಕ್ರೀಟಿನ ಎತ್ತರದ ತಳಪಾಯದ ಮೇಲೆ ಎರಡಂತಸ್ತು ಕಟ್ಟಿ, ನಯವಾದ ತಗಡಿನ ಕಡಿದಾದ ಚಾವಣಿಯಿಂದ ಹಿಮ ತಾನಾಗಿ ಜಾರುವಂತೆ ಮಾಡಿದ ಮನೆ ಒಂದು ಬಗೆ. ಚಾವಣಿಯಡಿ ಬಿಸಿ ಹಾಯಿಸಿ ಕರಗಿಸುವುದು ಇನ್ನೊಂದು. ಅದಕ್ಕೆ ಇಂಧನದ ಖರ್ಚು ವಿಪರೀತ. ಜಾರಲೂ ಬಿಡದೆ ಕರಗಿಸಲೂ ಹೋಗದೆ, ಮೂರು ಮೀಟರ್ ಹಿಮವನ್ನು ವಸಂತದವರೆಗೆ ಹೊತ್ತು ನಿಲ್ಲುವಷ್ಟು ಗಟ್ಟಿ ಕಂಬ ತೊಲೆಗಳ ಮನೆ ಮೂರನೆಯದು. ಅಕ್ಕಪಕ್ಕದವರ ಅಂಗಳಕ್ಕೆ ಹಿಮ ಜಾರಬಾರದಾದ ಇಕ್ಕಟ್ಟಿನ ಪೇಟೆಗಳಿಗೆ ಹೊಂದುವುದು ಇದೇ, ಆದರೆ ಕಟ್ಟಲು ದುಬಾರಿ.

ಜಪಾನಿನ ಕಟ್ಟಡ ನಿಯಮಗಳ ಒಂದು ಅಂಶ ಇಲ್ಲಿ ಗಮನಾರ್ಹ. ಅತಿಹಿಮದ ಪ್ರದೇಶದಲ್ಲಿ ಪ್ರತಿ ಸೆಂಟಿಮೀಟರ್ ಹಿಮಕ್ಕೆ ಚದರ ಮೀಟರಿಗೆ 30 ನ್ಯೂಟನ್, ಅಂದರೆ ಸುಮಾರು 3 ಕಿಲೋ, ಭಾರ ಹಿಡಿದು ಲೆಕ್ಕ ಹಾಕಬೇಕು. ಹಾಗೆ ನೋಡಿದರೆ ಮೂರು ಮೀಟರಿಗೆ ಚದರ ಮೀಟರಿಗೆ 900 ಕಿಲೋ ಆಗುತ್ತದೆ. ಆದರೆ ಚಾವಣಿಯಿಂದ ಹಿಮ ಇಳಿಸುವ ರೂಢಿಯಿರುವ ಸೀಮೆಗಳಲ್ಲಿ ಒಂದು ಮೀಟರಿನವರೆಗೆ ಇಳಿಸಿ ಲೆಕ್ಕ ಹಾಕಲು ಅದೇ ನಿಯಮ ಅನುಮತಿ ಕೊಡುತ್ತದೆ. ಹಾಗೆ ಕಟ್ಟಿದ ಕಟ್ಟಡದಲ್ಲಿ ಆ ವಿಷಯವನ್ನು ಬಾಗಿಲ ಬಳಿಯೋ ಕಣ್ಣಿಗೆ ಬೀಳುವ ಬೇರೆಡೆಯೋ ಬರೆದು ಹಾಕಬೇಕು. ಸಲಿಕೆ ಹಿಡಿದು ಮೇಲೇರುವ ಮನುಷ್ಯನನ್ನು ಕಂಬ ತೊಲೆಗಳ ಸಾಲಿಗೆ ಸೇರಿಸಿ, ಮನೆಯ ಬಲದ ಒಂದು ಭಾಗವೆಂದೇ ಕಾನೂನು ಎಣಿಸಿದೆ.

ಈ ಲೆಕ್ಕ ಬರೆದ ಕಾಲಕ್ಕೆ ಊರುಗಳಲ್ಲಿ ಆಳುಗಳಿದ್ದರು. ಚಳಿಗಾಲಕ್ಕೆ ಮಾತ್ರ ಹೊರಡುತ್ತಿದ್ದವರ ಮಕ್ಕಳು ಊರನ್ನು ಪೂರ್ತಿಯಾಗಿ ಬಿಟ್ಟರು, ಸಲಿಕೆ ಮುದುಕರ ಕೈಯಲ್ಲಿ ಉಳಿಯಿತು. 1981ರ ಹಿಮದಲ್ಲಿ ಸತ್ತವರು ಮತ್ತು ಕಾಣೆಯಾದವರು 152 ಜನ. 2005–06ರ ಚಳಿಗಾಲದಲ್ಲಿ ಸತ್ತವರೇ 152; ಆ ಫೆಬ್ರವರಿಯಲ್ಲಿ ನೀಗಾತದ ತ್ಸುನಾನ್‌ನಲ್ಲಿ 416 ಸೆಂಟಿಮೀಟರ್ ಹಿಮ ನಿಂತಿತ್ತು. ಸತ್ತವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಿಮ ತೆಗೆಯುವ ಕೆಲಸದಲ್ಲಿದ್ದವರು, ಮೂರರಲ್ಲಿ ಎರಡು ಪಾಲು 65 ದಾಟಿದವರು. ಚಾವಣಿಯಿಂದ ಜಾರಿ ಬಿದ್ದವರು, ಮೇಲಿಂದ ಕುಸಿದ ಹಿಮದಡಿ ಸಿಕ್ಕವರು, ಕಾಲುವೆಗೆ ಹಿಮ ಸುರಿಯುತ್ತ ತಾವೇ ಬಿದ್ದವರು. ಬಹಳಷ್ಟು ಜನ ಒಬ್ಬರೇ ಕೆಲಸ ಮಾಡುತ್ತಿದ್ದರು, ಕೂಗಿದರೆ ಕೇಳುವವರು ಹತ್ತಿರವಿರಲಿಲ್ಲ. ಯಾರೂ ವಾಸವಿಲ್ಲದ ಮನೆಗಳ ಚಾವಣಿಗೆ ಹತ್ತುವವರಂತೂ ಇಲ್ಲವೇ ಇಲ್ಲ. ಅವು ಕುಸಿಯುವುದು ನೆರೆಮನೆಯ ಗೋಡೆಯ ಮೇಲೆ.

2006ರ ಸಾವುಗಳ ನಂತರ ನೀಗಾತದಲ್ಲಿ ನಗರದ ಯುವಕರಿಗೆ ಹಿಮ ಅಗೆಯುವುದನ್ನು ಕಲಿಸುವ ‘ಎಚಿಗೊ ಯುಕಿಕಾಕಿ ದೋಜೊ’ ಎಂಬ ಶಿಬಿರಗಳು ಆರಂಭವಾದವು. ಅಲ್ಲಿ ಗುರುಗಳು ಊರಿನ ಹಿರಿಯರು. ಸಲಿಕೆ ಹಿಡಿಯುವ ಬಗೆ, ಹಿಮವನ್ನು ಚೌಕವಾಗಿ ಕಡಿಯುವ ಬಗೆ, ಜೀವರಕ್ಷಕ ಹಗ್ಗ ಕಟ್ಟುವ ಬಗೆ ಹೇಳಿಕೊಡುತ್ತಾರೆ. ಅಧಿಕಾರಿಗಳು ಪ್ರತಿ ಚಳಿಗಾಲ ಸಾರುವ ಸೂಚನೆಗಳೂ ಇವೇ: ಒಬ್ಬರೇ ಹತ್ತಬೇಡಿ, ಶಿರಸ್ತ್ರಾಣ ಹಾಕಿ, ಏಣಿಯನ್ನು ಕಟ್ಟಿ ಬಿಗಿಯಿರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಹಗ್ಗದ ಇನ್ನೊಂದು ತುದಿಯನ್ನು ಬಿಗಿಯಲು ಕೊಂಡಿ ಬೇಕು. ಹಳೆಯ ಮನೆಗಳ ಬಹುಪಾಲು ಚಾವಣಿಗಳಲ್ಲಿ ಅಂಥ ಕೊಂಡಿ ಇಲ್ಲ.